ಚಲುವಮ್ಮನ ಹೊಗಳಿಕೆ

"ನಮ್ ಕಿಸ್ನಂಗೆ ವಯಸ್ಸು ಅದಿನಾರಾದ್ರೂ ಬುದ್ಧಿ ಅರವತ್ತರದು ಕಣವ್ವ. ಯೋಚ್ನೆ ಮಾಡ್ದೆ ಒಂದು ಕಡ್ಡಿನೂ ಎತ್ತಿಡೋನಲ್ಲ," ಎಂದಳು ಚಲುವಮ್ಮ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸೊಸೆ, ಕಿಶನ್‌ನ ತಾಯಿ ಪ್ರಮೀಳಾ, ಬೇಡವೆಂದು ಅತ್ತೆಗೆ ಕೈಸನ್ನೆ ಮಾಡಿದಳು. ಹುಡುಗನ ವಿಚಾರ ತಿಳಿದುಕೊಳ್ಳಲು ಬಾಲನ್ಯಾಯ ಮಂಡಳಿಯ ಪರವಾಗಿ ಬಂದಿದ್ದ ಅಧಿಕಾರಿ ಯಶಸ್ವಿನಿ ಜಗಲಿಯ ಮೇಲೆ ಕೂತು ಆ ಮಾತನ್ನೂ ಬರೆದುಕೊಂಡಳು.

ಹೊಣಕೆರೆಯಲ್ಲಿ ಗಂಡು ಹೆಣ್ಣು ಕೂಡಿಸುವುದರಲ್ಲಿ ಚಲುವಮ್ಮನದು ಎತ್ತಿದ ಕೈ. ಮೂಗಿನ ತುದಿಯಲ್ಲೇ ಕೋಪವಿರುವ ಗಂಡನ್ನೂ ಹಸುವಿನಂಥವನೆಂದು ನಂಬಿಸಿ ತಾಳಿ ಕಟ್ಟಿಸಿದವಳು. ಯಾರಾದರೂ ಹುಡುಗನ ಬಗ್ಗೆ ವಿಚಾರಿಸಲು ಬಂದರೆ ಬಾಯಿ ತುಂಬ ಹೊಗಳಬೇಕು, ಅಷ್ಟೇ ಅವಳಿಗೆ ಗೊತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವತ್ತು ಪಾಪ, ಮುದುಕಿ ಹೆಚ್ಚು ಸುಳ್ಳೇನೂ ಹೇಳುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಡೈರಿಗೆ ಹಾಲು ಹಾಕುವುದು, ಹೊಲ ಉಳಿಸುವುದು, ಎಲ್ಲ ಕಿಶನ್‌ನದೇ. ಊರವರು ಅವನನ್ನು 'ಯಜಮಾನ್ರು' ಎಂದೇ ಕಿಚಾಯಿಸುತ್ತಿದ್ದರು.

ಆ ಯಜಮಾನರು ಈಗ ಮೈಸೂರಿನ ರಿಮ್ಯಾಂಡ್ ಹೋಮಿನಲ್ಲಿದ್ದರು. ಕೆರೆ ಏರಿಯ ಮೇಲೆ ಗೆಳೆಯ ಮಂಜುನಾಥನ ಜೊತೆ ಬೈಕಿನ ವಿಷಯಕ್ಕೆ ಜಗಳವಾಗಿ, ಕಿಶನ್ ಕೈಗೆ ಸಿಕ್ಕಿದ ಗುದ್ದಲಿ ಕಾವಿನಿಂದ ಹೊಡೆದಿದ್ದ. ಮಂಜ ಮತ್ತೆ ಏಳಲಿಲ್ಲ. ಕೊಲೆ ಕೇಸಾಯಿತು. ಹುಡುಗನಿಗೆ ಹದಿನಾರು ದಾಟಿದೆ, ದೊಡ್ಡವರಷ್ಟು ತಿಳಿವಳಿಕೆ ಇತ್ತೆಂದು ಮಂಡಳಿಗೆ ಅನಿಸಿದರೆ ದೊಡ್ಡವರಂತೆಯೇ ವಿಚಾರಣೆ ನಡೆಯಬಹುದು ಎಂದು ವಕೀಲರು ಬಿಡಿಸಿ ಹೇಳಿದ್ದರು. ಪ್ರಮೀಳಾ ಅದನ್ನು ಅತ್ತೆಗೂ ಹೇಳಿ ನೋಡಿದ್ದಳು. "ಮೊಮ್ಮಗನ್ನ ಬುದ್ಧಿ ಇಲ್ದೋನು ಅನ್ಬೇಕಾ? ನನ್ ನಾಲ್ಗೆ ಸೇದೋಗ!" ಎಂದು ಮುದುಕಿ ಪೂರ್ತಿ ಕೇಳದೆ ಎದ್ದು ಹೋಗಿದ್ದಳು.

"ಅತ್ತೆ, ಸಾಕು ಸುಮ್ಕಿರಿ," ಎನ್ನುತ್ತ ಪ್ರಮೀಳಾ ಹೊರಗೆ ಬಂದಳು. "ಮೇಡಂ, ಅವ್ನು ಇನ್ನೂ ಮಗಾನೇ. ಕತ್ಲಾದ್ರೆ ಕೊಟ್ಗೆಗೆ ಒಬ್ನೇ ಓಗಕಿಲ್ಲ. ಅಜ್ಜಿ ಪಕ್ಕ ಮಲಗ್ದೆ ನಿದ್ದೆ ಬರಾಕಿಲ್ಲ."

"ಅಯ್ಯೋ, ಮಾನ ಕಳೀಬ್ಯಾಡ ಬುಡೇ! ನಾಳೀಕೆ ಅವ್ನಿಗೆ ಎಣ್ಣು ಕೊಡೋರ್ಯಾರು?"

ಪ್ರಮೀಳಾಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಎಣ್ಣಲ್ಲ ಅತ್ತೆ! ನೀವ್ ಇಂಗೇ ಒಗಳ್ತಿದ್ರೆ ಕೊನೀಗೆ ದೊಡ್ಡೋರ್ ಜೈಲೇ ಅವ್ನಿಗೆ ಗತಿ!"

ಚಲುವಮ್ಮ ಸೊಸೆಯನ್ನೊಮ್ಮೆ, ಅಧಿಕಾರಿಯನ್ನೊಮ್ಮೆ ನೋಡಿದಳು.

"ದಿಟವಾ ತಾಯಿ?"

"ತೀರ್ಮಾನ ನನ್ನದಲ್ಲ ಅಜ್ಜಿ. ನೀವು ಕಂಡಿದ್ದನ್ನ ಹೇಳಿ, ನಾನು ಬರೀತೀನಿ," ಎಂದಳು ಯಶಸ್ವಿನಿ ಮೆಲ್ಲಗೆ. "ತಾನು ಮಾಡಿದ್ದು ಏನು ಅಂತ ಅವನಿಗೆ ಗೊತ್ತಾ?"

ಗೊತ್ತಿಲ್ಲ ಅಂದುಬಿಡಲಿ ಎಂದು ಪ್ರಮೀಳಾ ಕಣ್ಣಲ್ಲೇ ಬೇಡಿಕೊಂಡಳು. ಚಲುವಮ್ಮ ಮೊಣಕಾಲು ಮಡಚಿಕೊಂಡು ಗೋಡೆಗೆ ಒರಗಿದಳು. ಇಷ್ಟು ಸಣ್ಣ ಮುದುಕಿ ತನ್ನ ಅತ್ತೆ ಎಂದು ಪ್ರಮೀಳಾಗೆ ಈವರೆಗೆ ತೋರಿರಲೇ ಇಲ್ಲ.

"ಮಂಜನೂ ಈ ಜಗಲೀಲೇ ಉಂಡು ಬೆಳ್ದೋನು ಕಣವ್ವ. ಅವ್ರವ್ವನ ಮುಖ ನೋಡಕ್ಕಾಯ್ತಿಲ್ಲ ನಂಗೆ," ಎಂದಳು. ಆಮೇಲೆ ದನಿ ತಗ್ಗಿತು. "ಒಂದ್ ವಾರದ್ ಇಂದೆ ಕಿಸ್ನನ್ನ ನೋಡಕ್ಕೋಗಿದ್ದೆ. ಅವ್ನು ಅಂದಿದ್ನ ಇವ್ಳಿಗೂ ಯೋಳಿಲ್ಲ, ಕೇಳ್ದೋರು ನಗ್ತಾರೆ ಅಂತ. ಮಂಜ ಸತ್ತೋದ ಅಂತ ಗೊತ್ತು ಅವ್ನಿಗೆ. ಆದ್ರೂ ಕಿವಿ ತಾವ ಬಂದು ಕೇಳ್ದ..."

"ಏನು ಕೇಳಿದ?"

"ಅಜ್ಜಿ, ಮಂಜಂಗೆ ನನ್ ಮ್ಯಾಲೆ ಇನ್ನೂ ಕ್ವಾಪ ಐತಾ? ನೀನೋಗಿ ಒಸಿ ರಾಜಿ ಮಾಡ್ಸು, ಅಂದ."

ಪ್ರಮೀಳಾ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. "ನೀವೇನಂದ್ರಿ?"

"ಊಂ ಅಂದೆ. ಮಾಡುಸ್ತೀನಿ ಮಗ, ಅಂದೆ."

"ಬರ್ಕೋ ತಾಯಿ," ಎಂದಳು ಚಲುವಮ್ಮ.

ಯಶಸ್ವಿನಿ ಪೆನ್ನು ಹಿಡಿದುಕೊಂಡು ಕೂತೇ ಇದ್ದಳು.