ಮುಖವೂ ಬೆನ್ನೂ

ಆ ಕಾಲೇಜಿನಲ್ಲಿ ಒಂದು ತರಗತಿ ನಡೆಯಬೇಕಾದರೆ ಕನಿಷ್ಠ ನಾಲ್ಕು ಜನ ಹೆಸರು ಬರೆಸಬೇಕು. ಮೂರೇ ಜನ ಇದ್ದರೆ ಕಚೇರಿಯ ಗುಮಾಸ್ತರು ಬಂದು ಸೂಚನಾ ಫಲಕದಲ್ಲಿ ಅದರ ಮೇಲೆ ಗೆರೆ ಎಳೆದು ಹೋಗುತ್ತಾರೆ. ಊಟದ ಹಾಲ್‌ನಲ್ಲಿ ಯಾರು ಎರಡು ಸಲ ಬಡಿಸಿಕೊಂಡರು ಎಂಬುದೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುವಷ್ಟು ಚಿಕ್ಕ ಕಾಲೇಜು ಅದು. ವಿಜ್ಞಾನದವರು ಒಂದಿಷ್ಟು ಚರಿತ್ರೆಯನ್ನೂ, ಚರಿತ್ರೆಯವರು ಒಂದಿಷ್ಟು ವಿಜ್ಞಾನವನ್ನೂ ಓದಲೇಬೇಕೆಂಬ ನಿಯಮವಿತ್ತು. ಹಾಗಾಗಿ ಸಸ್ಯಶಾಸ್ತ್ರದ ಹುಡುಗಿಯೊಬ್ಬಳು ಇತಿಹಾಸ ವಿಭಾಗದ ‘ಸಾಕ್ಷಿ’ ಎಂಬ ತರಗತಿಗೆ ಹೆಸರು ಬರೆಸಿದಾಗ ಯಾರೂ ಹುಬ್ಬೇರಿಸಲಿಲ್ಲ.

ಅವಳನ್ನು ಎಲ್ಲರೂ ಸೊಪ್ಪು ಎಂದು ಕರೆಯುತ್ತಿದ್ದರು. ಕೋಟಿನ ಜೇಬಿಗೆ ಕೈ ಹಾಕಿದರೆ ಒಣಗಿದ್ದೋ ಹಸಿಯದೋ ಒಂದು ಎಲೆ ಸಿಗುತ್ತಿತ್ತು. ಚರಿತ್ರೆಯ ಮೇಲೆ ಅವಳಿಗೆ ಪ್ರೀತಿಯೂ ಇರಲಿಲ್ಲ, ಹಗೆಯೂ ಇರಲಿಲ್ಲ. ಸೇರಿದ್ದು ರೂಮಿನ ಜೊತೆಗಾತಿಗಾಗಿ. ಆ ಜೊತೆಗಾತಿ ಎಂಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಮಗಳನ್ನು ತಾಯಿಯ ಹತ್ತಿರ ಬಿಟ್ಟು ಓದಲು ಬಂದವಳು. ಇಡೀ ಕಾಲೇಜಿಗೆ ಅವಳು ಅಕ್ಕ. ಅಕ್ಕನ ಪದವಿಗೆ ಉಳಿದಿದ್ದದ್ದು ಈ ಒಂದು ತರಗತಿ. ಇದು ನಿಂತುಹೋದರೆ ಇನ್ನೊಂದು ವರ್ಷ ಕಾಯಬೇಕು, ಮಗಳು ಇನ್ನೊಂದು ವರ್ಷ ಅಜ್ಜಿಯ ಮನೆಯಲ್ಲೇ ಇರಬೇಕು. ಸೊಪ್ಪುವಿಗೆ ಮೊದಲ ವರ್ಷ ವಿಷಮಜ್ವರ ಬಂದಾಗ ಹಗಲು ರಾತ್ರಿ ನೋಡಿಕೊಂಡವಳು ಅಕ್ಕ. ಆ ಋಣದ ಮಾತನ್ನು ಅವಳು ಎಂದೂ ಎತ್ತಿರಲಿಲ್ಲ. ನೀನು ಲೆಕ್ಕಕ್ಕೆ ಇದ್ದರೆ ಸಾಕು, ಆಟಕ್ಕೆ ಬೇಡ ಎಂದಷ್ಟೇ ಕೇಳಿದ್ದಳು.

ಉಳಿದಿಬ್ಬರು ಹುಡುಗರು. ಒಬ್ಬ ವಕೀಲ. ಕಾನೂನು ಓದುತ್ತಿರಲಿಲ್ಲ, ಇವತ್ತು ಸೋಮವಾರ ಎಂದರೂ ಅದಕ್ಕೆ ಎರಡು ಪಕ್ಷವಿದೆ ಎನ್ನುವವನು, ಅದಕ್ಕೇ ಆ ಹೆಸರು. ಇನ್ನೊಬ್ಬ ಗುಮ್ಮ. ಬಾಯಿ ಬಿಟ್ಟರೆ ಮುತ್ತು ಉದುರಿ ಹೋದೀತು ಎಂಬಂತೆ ಕೂರುತ್ತಿದ್ದ.

ಪಾಠ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಒಂದು ದುಂಡು ಮೇಜು, ಐದು ಕುರ್ಚಿ. ಐದನೆಯದರಲ್ಲಿ ಮೇಡಂ. ನಲವತ್ತು ಜನರ ತರಗತಿಯಲ್ಲಿ ತೂಕಡಿಸಬಹುದು, ಇಲ್ಲಿ ಕಣ್ಣುರೆಪ್ಪೆ ಭಾರವಾದರೂ ಮೇಡಂಗೆ ಕಾಣುತ್ತಿತ್ತು. ಆದರೂ ಸೊಪ್ಪು ಮೊದಲ ವಾರಗಳನ್ನು ಹೇಗೋ ತಳ್ಳಿದಳು. ಚರಿತ್ರೆಗೆ ಸೊಪ್ಪು ಹಾಕದ ಸೊಪ್ಪು ಎಂದು ವಕೀಲ ಛೇಡಿಸುತ್ತಿದ್ದ.

ಮೊದಲ ಪ್ರಬಂಧಕ್ಕೆ ಮೇಡಂ ಕೊಟ್ಟ ಕೆಲಸ ಸರಳವಾಗಿತ್ತು. ಮಂಗಳವಾರ ಸಂಜೆ ಒಂದು ತಾಸು ಪೇಟೆಯ ಬಸ್ ನಿಲ್ದಾಣದಲ್ಲಿ ಕೂರಬೇಕು. ಒಬ್ಬೊಬ್ಬರು ಒಂದೊಂದು ಕಡೆ. ಕಂಡದ್ದನ್ನು ಮಾರನೆಯ ದಿನ ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಬಾರದು.

ಮಂಗಳವಾರ ಸಂಜೆಯೇ ಸೊಪ್ಪುವಿಗೆ ಪ್ರಯೋಗಾಲಯ. ಮೊಳಕೆಗಳನ್ನು ಅಳೆಯುವ ದಿನ, ತಪ್ಪಿಸಿದರೆ ತಿಂಗಳ ಕೆಲಸ ನೀರುಪಾಲು. ನೀನು ಹೋಗು, ನಿನ್ನದನ್ನು ನಾವು ನೋಡಿಕೊಳ್ಳುತ್ತೇವೆ ಎಂದಳು ಅಕ್ಕ. ಮೂವರೂ ಹೋಗಿ ಕೂತರು. ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನಲ್ಲಿ ಅಕ್ಕ, ಹಿಂಬದಿಯ ಕಾಫಿ ಅಂಗಡಿಯಲ್ಲಿ ವಕೀಲ, ಮೇಲ್ಸೇತುವೆಯ ಮೆಟ್ಟಿಲ ಮೇಲೆ ಗುಮ್ಮ. ಮರುದಿನ ಮೂವರೂ ತಮ್ಮ ತಮ್ಮದನ್ನು ಬರೆದುಕೊಂಡ ಮೇಲೆ, ಊಟದ ಹಾಲ್‌ನಲ್ಲಿ ತಲೆಗೆ ತಲೆ ಕೊಟ್ಟು ಸೊಪ್ಪುವಿನದನ್ನು ಬರೆದರು. ಕಂಡದ್ದರಲ್ಲಿ ಒಳ್ಳೆಯದನ್ನೆಲ್ಲ ಆರಿಸಿ ಕೊಟ್ಟರು. ಗೊಂದಲವಿದ್ದದ್ದನ್ನು ಕೂಡಿ ಕೂತು ಸರಿಪಡಿಸಿದರು. ಸೊಪ್ಪು ಅದನ್ನು ತನ್ನ ಅಕ್ಷರದಲ್ಲಿ ನಕಲು ಮಾಡಿದಳು. ತಮ್ಮದಕ್ಕಿಂತ ಅದೇ ಚೆನ್ನಾಗಿ ಬಂದಿದೆ ಎಂದು ವಕೀಲನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮುಂದಿನ ಪಾಠದಲ್ಲಿ ಮೇಡಂ ನಾಲ್ಕು ಪ್ರಬಂಧಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದಕ್ಕೊಂದು ತಾಳೆ ಹಾಕಿ, ಮೂರರಲ್ಲಿರುವ ತಪ್ಪುಗಳನ್ನು ಹೇಳಿದರು. ಅಕ್ಕ ಬಸ್ಸಿನ ಬಣ್ಣ ತಪ್ಪಿದ್ದಳು. ವಕೀಲ ಇಬ್ಬರು ಹೆಂಗಸರನ್ನು ಒಬ್ಬಳೆಂದು ಬರೆದಿದ್ದ. ಗುಮ್ಮನ ಪ್ರಕಾರ ಬಸ್ಸು ಬಂದದ್ದೇ ಹೊರಟ ಮೇಲೆ. ಹೀಗೇ ಇರಬೇಕು, ನೋಡಿದವರು ತಪ್ಪುತ್ತಾರೆ ಎಂದರು. ನಾಲ್ಕನೆಯದನ್ನು ಕೈಗೆತ್ತಿಕೊಂಡರು.

“ಇದರಲ್ಲಿ ಒಂದೂ ತಪ್ಪಿಲ್ಲ,” ಎಂದರು.

ವಕೀಲ ಖುಷಿಯಿಂದ ಅಕ್ಕನ ಕಾಲು ತುಳಿದ.

ಮೇಡಂ ಒಂದು ಭಾಗವನ್ನು ಓದಿದರು. ಬಸ್ಸು ಹೊರಟ ಕ್ಷಣದಲ್ಲಿ ಒಬ್ಬ ಮುದುಕರು ಒಬ್ಬರೇ ನಿಂತು ಕಣ್ಣೊರೆಸಿಕೊಂಡದ್ದು. ಅವರ ಕೋಟಿನ ಬೆನ್ನಿನ ಹೊಲಿಗೆ ಬಿಟ್ಟಿದ್ದು, ಅದನ್ನು ಬಿಳಿ ದಾರದಲ್ಲಿ ಒರಟಾಗಿ ಹೊಲಿದದ್ದು. ಓದಿ, ಕನ್ನಡಕ ತೆಗೆದರು.

“ಒಂದೇ ಗಳಿಗೆಯಲ್ಲಿ ಅವರ ಮುಖಾನೂ ಕಾಣ್ಬೇಕು, ಬೆನ್ನೂ ಕಾಣ್ಬೇಕು. ನೀನು ಎಲ್ಲಿ ಕೂತಿದ್ದೆಯಮ್ಮ?”

ಸೊಪ್ಪು ಅಕ್ಕನತ್ತ ನೋಡಿದಳು. ಅಕ್ಕ ಮೇಜನ್ನು ನೋಡುತ್ತಿದ್ದಳು. ಕಾಫಿ ಅಂಗಡಿಗೆ ಗಾಜಿನ ಬಾಗಿಲಿದೆ, ಅದರಲ್ಲಿ ಎದುರಿನದು ಪ್ರತಿಫಲಿಸುವ ಸಾಧ್ಯತೆ ಇಲ್ಲದಿಲ್ಲ ಎಂದು ವಕೀಲ ಶುರುಮಾಡಿದ. ಆ ಬಾಗಿಲು ಮರದ್ದು ಎಂದು ಗುಮ್ಮ ಹೇಳಿದ. ಆ ತಿಂಗಳಲ್ಲಿ ಅವನು ತರಗತಿಯಲ್ಲಿ ಆಡಿದ ಮೊದಲ ಮಾತು ಅದು. ವಕೀಲ ಅವನನ್ನು ತಿಂದುಹಾಕುವಂತೆ ನೋಡಿದ.

“ನಾನು ಹೋಗಿರ್ಲಿಲ್ಲ ಮೇಡಂ,” ಎಂದಳು ಸೊಪ್ಪು.

ನಾನೇ ಹಾಗೆ ಮಾಡಿಸಿದ್ದು ಎಂದು ಅಕ್ಕ ಎದ್ದು ನಿಂತಳು. ಕೂರಿಸಲು ಮೇಡಂ ಎರಡು ಸಲ ಹೇಳಬೇಕಾಯಿತು. ಅವರು ಸಿಟ್ಟಾದಂತೆ ಕಾಣಲಿಲ್ಲ, ನಗಲೂ ಇಲ್ಲ. ಮೊದಲ ತಪ್ಪನ್ನು ಅಧ್ಯಾಪಕರೇ ತೀರ್ಮಾನಿಸಬಹುದೆಂದು ನಿಯಮವಿದೆ ಎಂದರು. ಸಹಾಯ ಮಾಡಿದ ಮೂವರಿಗೂ ಬಂದ ಅಂಕದಲ್ಲಿ ಅರ್ಧ ಹೋಯಿತು, ಪಾಸಾಗಲು ಅದರಿಂದ ತೊಂದರೆಯಿಲ್ಲ. ಸೊಪ್ಪುವಿಗೆ ಸೊನ್ನೆ. ಇನ್ನೊಂದು ದಾರಿಯೂ ಇದೆ. ಶುಕ್ರವಾರ ಕಚೇರಿ ಮುಚ್ಚುವ ಮುಂಚೆ ತರಗತಿ ಬಿಟ್ಟರೆ ಯಾವ ಅಂಕವೂ ದಾಖಲಾಗುವುದಿಲ್ಲ.

“ಬಿಡು ಅಂತ್ಲೂ ಹೇಳಲ್ಲ, ಇರು ಅಂತ್ಲೂ ಹೇಳಲ್ಲ,” ಎಂದರು ಮೇಡಂ. “ಒಂದು ಮಾತು ಮಾತ್ರ ಹೇಳ್ತೀನಿ. ನಾನು ಬರೆಯೋ ಯಾವ ಕಾಲದಲ್ಲೂ ನಾನು ಇರ್ಲಿಲ್ಲ. ನೀನು ಅಲ್ಲಿ ಇರ್ಲಿಲ್ಲ ಅಂತ ಮೊದಲ ಸಾಲಲ್ಲೇ ಬರೆದಿದ್ರೆ, ಇವತ್ತು ಇದು ನಾಲ್ಕರಲ್ಲಿ ಒಳ್ಳೆಯದಾಗ್ತಿತ್ತು.”

ಸೊನ್ನೆಯ ಅರ್ಥ ಸೊಪ್ಪುವಿಗೆ ಚೆನ್ನಾಗಿ ಗೊತ್ತಿತ್ತು. ಮುಂದಿನ ವರ್ಷ ಕಾಡಿನ ಸಂಶೋಧನಾ ಕೇಂದ್ರದಲ್ಲಿ ಅವರ ವಿಭಾಗಕ್ಕಿರುವುದು ಒಂದೇ ಸ್ಥಾನ. ಅದು ಸರಾಸರಿ ಅಂಕದ ಮೇಲೆ ಸಿಗುವಂಥದ್ದು. ಇಲ್ಲಿಯತನಕ ಅದು ಅವಳದೇ ಎಂದು ಎಲ್ಲರೂ ತಿಳಿದಿದ್ದರು. ಸಸ್ಯಶಾಸ್ತ್ರದ ಮೇಷ್ಟ್ರನ್ನು ಕೇಳಿದಳು. ಅವರು ಕಾಗದದ ಮೇಲೆ ಕೂಡಿ ಕಳೆದು ನೋಡಿ, ಆ ಕಾಗದವನ್ನೇ ಮಡಚಿ ಜೇಬಿಗಿಟ್ಟುಕೊಂಡರು.

ಅಕ್ಕ ರೂಮಿನಲ್ಲಿ ಬಟ್ಟೆ ಮಡಚುತ್ತ, ಶುಕ್ರವಾರ ಬಿಟ್ಟುಬಿಡು ಎಂದಳು. ಒಂದು ವರ್ಷ ತಾನೇ, ಮಗಳು ಅಜ್ಜಿಯ ಹತ್ತಿರ ಹಾಯಾಗಿದ್ದಾಳೆ ಎಂದಳು. ಹಾಯಾಗಿದ್ದಾಳೆ ಎನ್ನುವಾಗ ಅದೇ ಅಂಗಿಯನ್ನು ಎರಡನೆಯ ಸಲ ಮಡಚುತ್ತಿದ್ದಳು. ಸೊಪ್ಪು ಬೇರೆಯದನ್ನೇ ಕೇಳಿದಳು. ಆ ಮುದುಕರು ನಿಜವಾಗಿ ಅಳುತ್ತಿದ್ದರೇ?

ಅಳುತ್ತಿದ್ದರು, ಎಂಟು ವರ್ಷ ಅಳುವವರ ಮುಖ ನೋಡಿದವಳು ನಾನು ಎಂದಳು ಅಕ್ಕ.

ಮರುದಿನ ತಿಂಡಿಯ ಹೊತ್ತಿಗೆ ಸೊಪ್ಪು ವಕೀಲನನ್ನು ಕೇಳಿದಳು. ಮುದುಕರ ಭುಜ ಕುಲುಕುತ್ತಿತ್ತು, ನಗುತ್ತಿದ್ದರೆಂದೇ ನಾನು ತಿಳಿದಿದ್ದೆ, ಅಕ್ಕ ಅಳು ಎಂದಳೆಂದು ಅಳು ಎಂದು ಬರೆದೆವು ಎಂದ ಅವನು. ಗುಮ್ಮನನ್ನು ಕೇಳಿದಳು. ಬಸ್ಸು ಹೊರಟಾಗ ಧೂಳೆದ್ದಿತು, ಸುತ್ತ ಇದ್ದವರೆಲ್ಲ ಕಣ್ಣೊರೆಸಿಕೊಂಡರು, ಅಕ್ಕನೂ ಒರೆಸಿಕೊಂಡಳು ಎಂದ. ಹಾಗಾದರೆ ಅವರು ಯಾರನ್ನು ಕಳಿಸಲು ಬಂದಿದ್ದರು? ಮೂವರಿಗೂ ಗೊತ್ತಿರಲಿಲ್ಲ. ಬಸ್ಸು ಹತ್ತಿದವರನ್ನು ಯಾರೂ ನೋಡಿಯೇ ಇರಲಿಲ್ಲ. ಹಾಲ್‌ನಲ್ಲಿ ಕೂತು ಸರಿಪಡಿಸಿದ್ದರಲ್ಲಿ ನಿಜವೂ ಹೋಗಿತ್ತೇನೋ ಎಂದು ಅವಳಿಗೆ ಅನ್ನಿಸಿತು. ಗುರುವಾರ ಸಂಜೆ ಒಬ್ಬಳೇ ಬಸ್ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ, ಕಾಫಿ ಅಂಗಡಿಯಲ್ಲಿ, ಮೆಟ್ಟಿಲ ಮೇಲೆ ಕೂತು ನೋಡಿದಳು. ಎಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಮಾತ್ರ ನೋಡಿದಳು. ಆ ಮುದುಕರು ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ಕಚೇರಿಗೆ ಹೋದಾಗ ಕೌಂಟರಿನ ಮುಂದೆ ಅಕ್ಕ ನಿಂತಿದ್ದಳು. ಕೈಯಲ್ಲಿ ಪೆನ್ನು.

“ನೀನ್ಯಾಕಿಲ್ಲಿ?”

“ತರಗತಿ ಬಿಡೋಕೆ,” ಎಂದಳು ಅಕ್ಕ. “ನಾನು ಬಿಟ್ರೂ ಮೂರೇ ಜನ ಆಗುತ್ತೆ. ಆಗ ತರಗತೀನೇ ಇರಲ್ಲ, ನಿನ್ನ ಸೊನ್ನೇನೂ ಇರಲ್ಲ. ಬಿಟ್ಟು ಹೋದೆ ಅನ್ನೋ ಮಾತು ನಿನ್ನ ತಲೆ ಮೇಲೆ ಬರೋದು ಬೇಡ.”

ಗುಮಾಸ್ತರು ಮುಖ ಎತ್ತಿ ಇಬ್ಬರನ್ನೂ ನೋಡಿದರು. “ಯಾರಾದ್ರೂ ಒಬ್ರು ಬಿಟ್ರೆ ಸಾಕಮ್ಮ. ಇಬ್ಬಿಬ್ರು ಬಿಟ್ರೂ ಗೆರೆ ನಾನು ಎಳೆಯೋದು ಒಂದೇ.”

ಸೊಪ್ಪು ಅಕ್ಕನ ಕೈಯಿಂದ ಪೆನ್ನು ತೆಗೆದುಕೊಂಡು ಕೌಂಟರಿನ ಮೇಲಿಟ್ಟಳು. ತಾನು ಬಿಡಲು ಬಂದದ್ದಲ್ಲ ಎಂದಳು. ಅಲ್ಲೇ ಗೋಡೆಯಲ್ಲಿದ್ದ ಮೇಡಂ ಅವರ ಅಂಚೆ ಗೂಡಿಗೆ ಹಾಕಲು ಹೊಸ ಪ್ರಬಂಧ ತಂದಿದ್ದಳು. ಅದಕ್ಕೆ ಅಂಕ ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಕಾಡಿನ ಸೀಟು?” ಎಂದಳು ಅಕ್ಕ.

“ಹೋಗುತ್ತೆ. ಹೋದ್ರೆ ಹೋಗ್ಲಿ ಅಂತ ದೊಡ್ಡ ಮಾತಾಡಲ್ಲ ಅಕ್ಕ, ಹೊಟ್ಟೆ ಉರೀತಿದೆ. ಆದ್ರೂ ಬಿಡಲ್ಲ.”

“ನನಗೋಸ್ಕರ ಬೇಡ ಕಣೇ.”

“ಅರ್ಧ ನಿನಗೋಸ್ಕರ. ಇನ್ನರ್ಧ, ಮುಖಾನೂ ಬೆನ್ನೂ ಒಟ್ಟಿಗೆ ಕಂಡವಳು ಅಂತ ಈ ಕಾಲೇಜಲ್ಲಿ ಉಳಿಯೋದು ನನಗೆ ಬೇಡ.”

ಅಕ್ಕ ಪ್ರಬಂಧವನ್ನು ಕೇಳಿ ತೆಗೆದುಕೊಂಡು ಅಲ್ಲೇ ನಿಂತು ಓದತೊಡಗಿದಳು. ಎರಡನೆಯ ಪುಟದಲ್ಲಿ ಅವಳ ಮುಖ ಕೆಂಪಾಯಿತು. ಬೆಂಚಿನ ಮೇಲಿದ್ದ ಸಾಕ್ಷಿಗೆ ಮುದುಕರ ಮುಖ ಕಂಡಿದ್ದೇನೋ ಹೌದು; ಆದರೆ ಆ ಸಾಕ್ಷಿಯೂ ಒಬ್ಬರನ್ನು ಬಿಟ್ಟು ಬಂದವರೇ, ಹಾಗಾಗಿ ಅಳು ಎಂಬ ಅವರ ಮಾತನ್ನು ಎಚ್ಚರದಿಂದ ತೆಗೆದುಕೊಳ್ಳಬೇಕು ಎಂದು ಸೊಪ್ಪು ಬರೆದಿದ್ದಳು.

“ನನ್ನ ಮಾತು ನಂಬೋಹಾಗಿಲ್ಲ ಅಂತ ಬರೆದಿದ್ದೀಯಾ?”

“ನಂಬಬಾರ್ದು ಅಂದಿಲ್ಲ. ಎಚ್ಚರ ಅಂದೆ.”

“ಅವರು ಅಳ್ತಿದ್ರು,” ಎಂದಳು ಅಕ್ಕ.

“ಮುಂದಿನ ತರಗತೀಲಿ ಹೇಳು. ಎಲ್ಲರೆದುರಿಗೆ ಕೇಳ್ತೀನಿ.”

ಗುಮಾಸ್ತರು ಗಡಿಯಾರ ನೋಡಿ, ಗೆರೆ ಎಳೆಯಬೇಕೋ ಬೇಡವೋ ಒಂದು ಮಾತು ಹೇಳಿ, ಬಾಗಿಲು ಹಾಕಬೇಕು ಎಂದರು. ಬೇಡ ಎಂದಳು ಅಕ್ಕ. ಪ್ರಬಂಧವನ್ನು ಗೂಡಿಗೆ ಹಾಕಿದವಳೂ ಅವಳೇ.