ಕಾಲಿಗೆ ನೀರು

ಒಲೆಯ ಮೇಲೆ ಕಟ್ಟಿನ ಸಾರು ಉಕ್ಕುತ್ತಿದೆ, ಅಮೃತಳ ಎರಡೂ ಕೈ ಹೋಳಿಗೆಯ ಕಣಕದಲ್ಲಿ, ಅಷ್ಟರಲ್ಲಿ ಕಟ್ಟೆಯ ಮೇಲಿನ ಫೋನು ಗುರ್ರೆಂದಿತು, ಹಿಟ್ಟು ಹತ್ತಿದ ಕಿರುಬೆರಳಿನಿಂದಲೇ ಸರಿಸಿದಳು — ಅಫಜಲಪುರ ಬಸ್ ಪ್ರಕರಣ, ವಿದ್ಯಾರ್ಥಿನಿಯನ್ನು ತಳ್ಳಿದ್ದಕ್ಕೆ ಸಾಕ್ಷ್ಯವಿಲ್ಲ, ಆರೋಪಿ ಖುಲಾಸೆ — ಅವಳಿಗೆ ನಿನ್ನೆಯೇ ಗೊತ್ತು, ಸಾಕ್ಷ್ಯ ಇಲ್ಲದಂತೆ ಮಾಡಿದವಳೇ ಅವಳು, ಆದರೂ ಓದಿದಳು, ಕೆಳಗೆ ಜನ ಬರೆದದ್ದನ್ನೂ, ನೋಡಿ ಸುಮ್ಮನಿದ್ದವರ ನಾಲಿಗೆಗೆ ಹುಳ ಬೀಳಲಿ ಎಂದು ಯಾರೋ ಬರೆದಿದ್ದರು, ಬೀಳಲಿ, ಅವಳೂ ಹೀಗೇ ಬರೆಯುತ್ತಿದ್ದವಳು, ದೂರದ ಊರಿನ ಯಾವ ಹುಡುಗಿಗೆ ಏನೇ ಆದರೂ ಇವಳ ಸ್ಟೇಟಸ್ಸಿನಲ್ಲಿ ಮೇಣದಬತ್ತಿ, ಗಲ್ಲಿಗೇರಿಸಿ ಎಂಬ ಕೂಗು, ಕಾಲೇಜಿನಲ್ಲಿ ಮಹಿಳಾ ಸುರಕ್ಷತೆಯ ಭಾಷಣಕ್ಕೆ ಮೊದಲ ಬಹುಮಾನ, ಆವತ್ತು ಚಪ್ಪಾಳೆ ಹೊಡೆದು ಅಂಗೈ ಕೆಂಪು ಮಾಡಿಕೊಂಡವಳು ಅನುರಾಧಾ, ಗೆಳತಿ ಅನುರಾಧಾ, ಅಮೃತಳದು ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಮಣ್ಣೂರಿನ ಬಸ್ಸು ತುಂಬಿ ತುಳುಕುತ್ತಿತ್ತು, ಬಾಗಿಲಲ್ಲಿ ಅನುರಾಧಾ, ಅವಳ ಬೆನ್ನಿಗೆ ಕಲ್ಯಾಣಕುಮಾರ, ಅವ್ವನ ತಮ್ಮ, ಅಮೃತಳ ಸ್ವಂತ ಸೋದರಮಾವ, ತಿಂಗಳುಗಟ್ಟಲೆ ಅನುರಾಧಾಳ ಹಿಂದೆ ಬಿದ್ದು ಹಿಂದಿನ ದಿನವಷ್ಟೇ ಅವಳಿಂದ ಕಪಾಳಕ್ಕೆ ತಿಂದವನು, ತಿರುವಿನಲ್ಲಿ ಎರಡೂ ಕೈಯಿಂದ ತಳ್ಳಿದ — ಜಾರಿದ್ದಲ್ಲ, ನೂಕುನುಗ್ಗಲಲ್ಲ, ತಳ್ಳಿದ — ಹಿಂದಿನ ಗಾಲಿ, ಬಲಗಾಲು, ಮೊಣಕಾಲಿನ ಕೆಳಗೆ ಉಳಿಸಲು ಡಾಕ್ಟರಿಗೆ ಏನೂ ಸಿಗಲಿಲ್ಲ. ಬಿದ್ದವಳಿಗೆ ಬೆನ್ನಿನಲ್ಲಿ ಕಣ್ಣಿಲ್ಲ, ಉಳಿದವರು ತಿರುಗುವಷ್ಟರಲ್ಲಿ ಮುಗಿದಿತ್ತು, ಕಂಡವಳು ಬಾಗಿಲ ಪಕ್ಕದ ಸೀಟಿನ ಅಮೃತ ಒಬ್ಬಳೇ, ಅವ್ವ ಸೆರಗು ಒಡ್ಡಿದಳು, ನಿನ್ನ ಕಾಲಿಗಿ ಬೀಳ್ತೇನಿ ಬೇ, ನನ್ನ ತವರುಮನಿಗಿ ಅಂವ ಒಬ್ಬನೇ ದೀಪ, ಅಪ್ಪ ಬೀರಣ್ಣ ಗೋಡೆ ನೋಡುತ್ತ ಕೂತ, ಆಮೇಲೆ ಕೋರ್ಟು, ಊರುಗೋಲು ತೊಡೆಯ ಮೇಲಿಟ್ಟುಕೊಂಡು ಅನುರಾಧಾ ನಗುತ್ತಿದ್ದಳು, ಗೆಳತಿ ಬಂದಳಲ್ಲ ಎಂದು, ಏನು ನೋಡಿದಿ ಹೇಳಮ್ಮ, ವಕೀಲರು ಕೇಳಿದರು, ಆಕಿನೇ ಕಾಲ ಜಾರಿ ಬಿದ್ದಳ್ರಿ, ನಾಲ್ಕೇ ಮಾತು, ಅನುರಾಧಾಳ ನಗು ತಟ್ಟನೆ ಹೋಗಲಿಲ್ಲ, ತಿಳಿಯದೆ ತುಟಿಯ ಮೇಲೆ ಸ್ವಲ್ಪ ಹೊತ್ತು ನಿಂತೇ ಇತ್ತು, ಅದನ್ನು ನೆನೆದರೆ ಅಮೃತಳಿಗೆ ತನ್ನ ಮೇಲೇ ಹೇಸಿಗೆ.

ಹಿಟ್ಟು ಗಟ್ಟಿ ಮಾಡಬ್ಯಾಡ, ಅವ್ವ ಅನ್ನುತ್ತಾಳೆ, ಹೂರಣ ರುಬ್ಬುತ್ತ, ಎಷ್ಟು ದಿನಕ್ಕೆ ಮುಖದಲ್ಲಿ ಕಳೆ, ಇವತ್ತಿನ ಹೋಳಿಗಿ ಬರೇ ಬಿಡುಗಡೀದಲ್ಲ, ಕೇಸಿನಾಗ ಹೆಸರ ಕೆಟ್ಟದ, ಹೊರಗಿನವರು ಅವಗ ಯಾರ ಹೆಣ್ಣ ಕೊಡ್ತಾರ, ಸೋದರಮಾವ ಅಂದ ಮ್ಯಾಲ ನಿನ್ನ ಮ್ಯಾಲ ಅವನ ಹಕ್ಕ ಅದ, ಕಾಲೇಜ ಓದಿದ್ದು ಸಾಕು. ಕಣಕದಲ್ಲಿ ಬೆರಳು ನಿಂತವು, ಒಲ್ಲೆ, ಒಲ್ಲೆನವ್ವಾ, ಯಾಕ ಒಲ್ಲಿ, ಅವ್ವ ರುಬ್ಬುವುದನ್ನು ನಿಲ್ಲಿಸಲಿಲ್ಲ, ಅಂವ ತಪ್ಪ ಮಾಡಿಲ್ಲಂತ ಜಡ್ಜನ ಮುಂದ ನೀನೇ ಹೇಳಿ ಬಂದಿ, ಮತ್ತ ಯಾಕ ಒಲ್ಲಿ — ಅಂಗಳದಲ್ಲಿ ಬೈಕು ನಿಂತಿತು, ಅಕ್ಕಾ ಬಂದೇನಿ, ಏಳಬೇ, ಮಾವಗ ಕಾಲಿಗಿ ನೀರ ಕೊಡು, ತಂಬಿಗೆ ಕೈಗೆ ಬಂತು, ಬಂದವರಿಗೆ ನೀರು ಕೊಡದ ಮನೆಯೇ, ಬಾಗಿಲ ಕಲ್ಲಿನ ಮೇಲೆ ನಿಂತು ಅವನು ಪ್ಯಾಂಟು ಮಡಚುತ್ತಾನೆ, ನಿಧಾನ, ಎಡಗಾಲಿಗೆ ನೀರು, ತಿಕ್ಕಿ ತೊಳೆಯುತ್ತಾನೆ, ಇದಕ್ಕೂ ಹಾಕು ಎಂದು ಇನ್ನೊಂದು ಚಾಚುತ್ತಾನೆ, ಬಲಗಾಲು, ಮೊಣಕಾಲು, ಮೀನಖಂಡ, ಹಿಮ್ಮಡಿ, ಐದು ಬೆರಳು, ಎಲ್ಲ ಇದೆ, ಹಾಕಬೇ ಅಮೃತಾ, ಬಲಗಾಲು, ಹಾಕು, ಬಲಗಾಲು —