ಹೊಸಬಾಳೆಯ ತಿರುವಿನಲ್ಲಿ ಸಿಡಿಯದ ಕಾರು

ನಮ್ಮ ಕಡೆ ರಸ್ತೆಯಲ್ಲಿ ಏನಾದರೂ ಆದರೆ ಸಾಕು, ನೋಡಲು ಊರೇ ಸೇರುತ್ತದೆ. ಕೈ ಹಾಕಲು ಮಾತ್ರ ಯಾರೂ ಇಲ್ಲ. ಹೊಸಬಾಳೆಯ ತಿರುವಿನಲ್ಲಿ ಅಕ್ಕಿ ಗಿರಣಿ ಸಾಹುಕಾರರ ಕಾರು ಮಗುಚಿದ ದಿನವೂ ಹಾಗೇ ಆಯಿತು. ಒಳಗೆ ಸಿಕ್ಕಿಕೊಂಡಿದ್ದವನು ಡ್ರೈವರ್ ಆನಂದಪ್ಪ, ಅದೇ ಊರಿನವನು. ಅವನು ನರಳುವುದು ಎಲ್ಲರಿಗೂ ಕೇಳುತ್ತಿತ್ತು. ಪೆಟ್ರೋಲು ಸೋರುತ್ತಿತ್ತು.

ಅವನ ಹೆಂಡತಿ ತುಂಗಮ್ಮ ಓಡಿ ಬಂದಳು. ಆನಂದಪ್ಪನ ಅಣ್ಣ ಗುತ್ಯಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ.

“ಹೋಗ್ಬ್ಯಾಡ ತಾಯೀ! ಈಗ ಢಮಾರ್ ಅಂತೈತೆ! ಸೊರಬದ ಟೆಂಟಿನಾಗೆ ಸಿನಿಮಾ ನೋಡಿಲ್ವಾ? ಕಾರು ಉರುಳ್ತು ಅಂದ್ರೆ ಸಿಡೀತು ಅಂತ್ಲೇ ಲೆಕ್ಕ!”

“ಸಿಡಿದ್ರೆ ಸಿಡೀಲಿ ಭಾವ! ನಮ್ಮನೆಯೋರು ಒಳಗದಾರೆ!”

ಅಷ್ಟರಲ್ಲಿ ಗ್ರಾಮಸೇವಿಕೆ ರಾಜೇಶ್ವರಮ್ಮ ಬಂದರು. ಮಹಿಳಾ ಮಂಡಳಿಯ ಸಭೆಗೆಂದು ಬಂದವರು ಕೈಚೀಲವನ್ನು ಅಲ್ಲೇ ಬಿಸಾಕಿದರು.

“ಏನ್ರೀ ಇದು? ಮನುಷ್ಯ ನರಳ್ತಿದ್ರೆ ಎಲ್ಲಾ ನಿಂತು ನೋಡ್ತಿದೀರಲ್ಲ!”

“ಟಾಂಕಿ ಸಿಡೀತೈತೆ ಅಮ್ಮಾರೇ,” ಎಂದ ಗುತ್ಯಪ್ಪ.

“ಉರುಳಿದ ಮಾತ್ರಕ್ಕೆ ಟಾಂಕಿ ಹಂಗೆಲ್ಲ ಸಿಡಿಯಲ್ಲ. ಸಿನಿಮಾದವರು ಮದ್ದು ಇಟ್ಟು ಸಿಡಿಸ್ತಾರೆ. ಪೆಟ್ರೋಲಿನ ಆವಿ ಗಾಳಿ ಜೊತೆ ಬೆರೀಬೇಕು, ಅದಕ್ಕೊಂದು ಕಿಡಿ ತಾಗ್ಬೇಕು, ಆಗ್ಲೇ ಬೆಂಕಿ. ಕಿಡಿ ಬೀಳದಂಗೆ ನೋಡ್ಕಳಿ, ಸಾಕು. ಬಾರಮ್ಮ ತುಂಗಮ್ಮ!”

ಗುತ್ಯಪ್ಪ ನಂಬಲಿಲ್ಲ. ರಸ್ತೆಯಿಂದಿಳಿದು, ದೂರದಲ್ಲಿ ಚರಂಡಿಯ ಪಕ್ಕ ಹೋಗಿ ನಿಂತ. ಮೇಲೆ ರಸ್ತೆಯಲ್ಲಿ ಹೆಂಗಸರಿಬ್ಬರೂ ಚಾವಿ ತಿರುಗಿಸಿ ಇಂಜಿನ್ ಆರಿಸಿದರು. ಆನಂದಪ್ಪನ ಕುತ್ತಿಗೆ ಅಲುಗದಂತೆ ಹಿಡಿದು ಹೊರಕ್ಕೆಳೆದು, ಆಚೆ ದಿಬ್ಬಕ್ಕೆ ಸಾಗಿಸಿದರು. ಕೆಳಗೆ ಗುತ್ಯಪ್ಪ ಧೈರ್ಯಕ್ಕೆಂದು ಬೀಡಿ ಬಾಯಿಗಿಟ್ಟು ಕಡ್ಡಿ ಗೀರಿದ.

ಭುಗ್!

ಅಯ್ಯಯ್ಯೋ, ಬೆಂಕಿ ಎದ್ದದ್ದು ಕಾರಿನಲ್ಲಲ್ಲ, ಗುತ್ಯಪ್ಪನ ಕಾಲಬುಡದಲ್ಲಿ! ಆ ಬೆಂಕಿ ಚರಂಡಿ ಹಿಡಿದು ಮೇಲಕ್ಕೋಡಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾರನ್ನು ಸುತ್ತಿಕೊಂಡಿತು.

ಜನ ಕಿವಿ ಮುಚ್ಚಿಕೊಂಡು ಕಾದರು. ಢಮಾರ್ ಎನ್ನಲೇ ಇಲ್ಲ. ಕಾರು ಧಗಧಗನೆ ಉರಿದು ಕರಿ ತಗಡಾಯಿತು, ಅಷ್ಟೇ.

ಗುತ್ಯಪ್ಪನ ಪಂಚೆ ಸುಟ್ಟಿತ್ತು, ಕಾಲಲ್ಲಿ ಬೊಬ್ಬೆ ಎದ್ದಿತ್ತು. “ನಾನು ಅಷ್ಟು ದೂರ ಇದ್ನಲ್ರೀ!”

“ಪೆಟ್ರೋಲಿನ ಆವಿ ಗಾಳಿಗಿಂತ ಭಾರ ಗುತ್ಯಪ್ಪೋರೆ. ಕಣ್ಣಿಗೆ ಕಾಣಲ್ಲ, ನೀರಿನಂಗೆ ತಗ್ಗಿಗೆ ಹರೀತದೆ. ನೀವು ನಿಂತಿದ್ದೇ ತಗ್ಗಿನಲ್ಲಿ,” ಎಂದರು ರಾಜೇಶ್ವರಮ್ಮ.

ಗುತ್ಯಪ್ಪ ಕುಸಿದು ಕೂತ. “ತುಂಗಮ್ಮ ನನ್ನ ಮಾತು ಕೇಳಿದ್ದಿದ್ರೆ... ನನ್ನ ತಮ್ಮನ್ನ ನಾನೇ ಸುಡ್ತಿದ್ನಲ್ರೀ!”

ದಿಬ್ಬದ ಮೇಲೆ ತುಂಗಮ್ಮ, ಬದುಕುಳಿದ ಗಂಡನ ಕೈ ಹಿಡಿದು ಅಳುತ್ತಿದ್ದಳು.

ಅಣ್ಣಂದಿರೇ, ಅಕ್ಕಂದಿರೇ, ಗಾಡಿ ಮಗುಚಿದರೆ ಸಿನಿಮಾ ನೆನೆಯಬೇಡಿ. ಬೀಡಿ, ಕಡ್ಡಿ, ಲಾಟೀನು ಹತ್ತಿರ ತರಬೇಡಿ. ತಗ್ಗಿನಲ್ಲಿ ನಿಲ್ಲಬೇಡಿ. ಇಂಜಿನ್ ಆರಿಸಿ, ಬೆಂಕಿ ಹತ್ತುವ ಮೊದಲೇ ಒಳಗಿನವರನ್ನು ಹೊರಗೆ ತನ್ನಿ. ಗುತ್ಯಪ್ಪ ಕೆಟ್ಟವನಲ್ಲ. ಗೊತ್ತಿಲ್ಲದೆ, ಒಡಹುಟ್ಟಿದವನನ್ನೇ ಬಿಟ್ಟು ದೂರ ನಿಂತ. ನಿಮಗೀಗ ಗೊತ್ತಾಯಿತಲ್ಲ? ನೋಡುತ್ತಾ ನಿಲ್ಲಬೇಡಿ, ಹೋಗಿ ಕೈ ಹಾಕಿ.